ನಡೆಯುವವರ ದಾರಿ



ಮನುಷ್ಯನು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಕಲಿಯುವ ವಿದ್ಯೆ ನಡಿಗೆ. ಬಿದ್ದು, ಎದ್ದು, ಗೋಡೆಯನ್ನೋ ತಾಯಿಯ ಸೆರಗನ್ನೋ ಹಿಡಿದು, ಒಂದು ಒಂದೂವರೆ ವರ್ಷದೊಳಗೆ ಅವನು ಅದನ್ನು ಸಾಧಿಸಿಕೊಳ್ಳುತ್ತಾನೆ. ಆದರೆ ಮುಂಬಯಿಯಂಥ ಮಹಾನಗರದಲ್ಲಿ ಈ ವಿದ್ಯೆಯನ್ನು ಎರಡನೆಯ ಸಲ ಕಲಿಯಬೇಕಾಗುತ್ತದೆ. ಬಲಕ್ಕೆ ನೋಡು, ಎಡಕ್ಕೆ ನೋಡು, ಓಡಬೇಡ, ತಂಗಿಯ ಕೈ ಬಿಡಬೇಡ ಎಂದು ಮನೆಯಲ್ಲಿ ದಿನವೂ ಹೇಳಿ ಕಳುಹಿಸುತ್ತಾರೆ. ಶಾಲೆಯಲ್ಲಿ ನಾವೂ ಅದನ್ನೇ ಹೇಳುತ್ತೇವೆ. ಆ ಮಾತು ಸರಿಯಾದುದೇ. ಆದರೆ ಅದು ಅರ್ಧ ಪಾಠ. ನಡೆಯುವವನಿಗೆ ಎಚ್ಚರವಿರಬೇಕೆಂಬುದು ನಿಜವಾದರೆ, ನಡೆಯುವವನ ವಿಷಯದಲ್ಲಿ ದಾರಿಗೂ ಒಂದು ಕರ್ತವ್ಯವಿದೆ ಎಂಬುದು ಅಷ್ಟೇ ನಿಜ. ಆ ಕರ್ತವ್ಯ ಯಾವುದು, ಅದನ್ನು ದಾರಿಯಿಂದ ಪಡೆಯುವ ಬಗೆ ಹೇಗೆ ಎಂಬುದೇ ಪಾಠದ ಉಳಿದ ಅರ್ಧ. ಈ ಲೇಖನದಲ್ಲಿ ಅದನ್ನು ವಿಚಾರ ಮಾಡೋಣ.

ನಡೆಯುವವರು ಎಷ್ಟು ಮಂದಿ?

ರಸ್ತೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮೋಟಾರು, ಬಸ್ಸು, ಲಾರಿಗಳು. ಅವು ದೊಡ್ಡವು, ಸದ್ದು ಮಾಡುವವು. ಆದುದರಿಂದ ಅವುಗಳದೇ ಸಂಖ್ಯೆ ಹೆಚ್ಚೆಂದು ಭ್ರಮೆಯಾಗುತ್ತದೆ. ಮುಂಬಯಿ ಮಹಾನಗರ ಪ್ರದೇಶದ ಜನರು ದಿನದಲ್ಲಿ ಮಾಡುವ ಪ್ರಯಾಣಗಳನ್ನೆಲ್ಲ ಲೆಕ್ಕಹಾಕಿ 2008ರಲ್ಲಿ ಮುಗಿಸಿದ ಸಮಗ್ರ ಅಧ್ಯಯನವೊಂದುಂಟು. ಅದರ ಪ್ರಕಾರ ಆ ಪ್ರಯಾಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕೇವಲ ಕಾಲುನಡಿಗೆಯವು. ರೈಲಿಗೂ ಬಸ್ಸಿಗೂ ಹೋಗುವವರು ಸಹ ಮೊದಲು ನಿಲ್ದಾಣದವರೆಗೆ ನಡೆಯಲೇಬೇಕು. ಹೀಗೆ ನೋಡಿದರೆ ಈ ನಗರದಲ್ಲಿ ನಡೆಯದವರು ಯಾರೂ ಇಲ್ಲ.

ಇನ್ನೊಂದು ಅಂಕೆಯನ್ನು ನೋಡಿ. ಕೇಂದ್ರ ಸರಕಾರದ ಸಾರಿಗೆ ಇಲಾಖೆಯ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಅಪಘಾತದಿಂದ ತೀರಿಕೊಂಡವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು. 365ರಿಂದ ಭಾಗಿಸಿ ನೋಡಿದರೆ ದಿನವೊಂದಕ್ಕೆ ಹೆಚ್ಚುಕಡಿಮೆ 90 ಜನ. ಯಾವ ವಾಹನವನ್ನೂ ಓಡಿಸದೆ, ಯಾರಿಗೂ ಅಪಾಯ ಮಾಡದೆ, ತಮ್ಮ ಪಾಡಿಗೆ ತಾವು ನಡೆದುಹೋಗುತ್ತಿದ್ದ ಜನ ಇವರು.

ನಮಗೆ ಈ ವಿಷಯ ಇನ್ನೂ ಒಂದು ಕಾರಣದಿಂದ ಮುಖ್ಯವಾದುದು. ಧಾರಾವಿ, ಸಾಯನ್ ಕೋಳಿವಾಡ, ಆಂಟಾಪ್ ಹಿಲ್, ವಡಾಲ ಮೊದಲಾದ ಕಡೆಗಳಿಂದ ಬರುವವರು ನಿಮ್ಮಲ್ಲಿದ್ದೀರಿ. ನಗರದಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಕಡಿಮೆಯಾಗುತ್ತ ಬಂದಿರುವುದರಿಂದ, ಮನೆಯ ಮಗ್ಗುಲಲ್ಲಿರುವ ಶಾಲೆಯನ್ನು ಬಿಟ್ಟು ದೂರದಿಂದ ಕನ್ನಡವನ್ನು ಅರಸಿ ಬರಬೇಕಾಗಿದೆ. ನಡುವೆ ದೊಡ್ಡ ರಸ್ತೆಯೊಂದನ್ನು ದಾಟಬೇಕೆಂಬ ಒಂದೇ ಭಯದಿಂದ ತಾಯಿತಂದೆಗಳು ಎಳೆಯ ಮಗುವನ್ನು ಹತ್ತಿರದ ಬೇರೆ ಮಾಧ್ಯಮದ ಶಾಲೆಗೆ ಸೇರಿಸಿದರೆ ಅವರನ್ನು ದೂರುವುದು ಹೇಗೆ? ಆದಕಾರಣ ರಸ್ತೆ ದಾಟುವ ಪ್ರಶ್ನೆ ನಮ್ಮ ಪಾಲಿಗೆ ಭಾಷೆಯ ಪ್ರಶ್ನೆಯೂ ಹೌದು.

ಮಾಟುಂಗದ ಬೀದಿಗಳು ಹುಟ್ಟಿದ ಬಗೆ

ಮಾಟುಂಗದ ಬೀದಿಗಳು ತಾವಾಗಿ ಬೆಳೆದವಲ್ಲ, ಯೋಚಿಸಿ ಹಾಕಿದವು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಗಾಳಿಬೆಳಕು ಇಲ್ಲದ ಇಕ್ಕಟ್ಟಾದ ಓಣಿಗಳಲ್ಲಿ ಜನರು ಸಾವಿರಾರು ಸಂಖ್ಯೆಯಲ್ಲಿ ಸತ್ತರು. ಇದರಿಂದ ಎಚ್ಚೆತ್ತ ಸರಕಾರವು 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಆ ಟ್ರಸ್ಟು ದಾದರ್, ಮಾಟುಂಗ, ವಡಾಲ, ಸಾಯನ್ ಭಾಗಗಳಲ್ಲಿ ಹೊಸ ಬಡಾವಣೆಗಳ ನಕ್ಷೆಯನ್ನು ಬರೆಯಿತು. ಬೀದಿ ಅಗಲವಾಗಿರಬೇಕು, ಕಟ್ಟಡಗಳ ನಡುವೆ ತೆರವಿರಬೇಕು, ಇಕ್ಕೆಲಗಳಲ್ಲಿ ಮರಗಳಿರಬೇಕು, ನಡುನಡುವೆ ಉದ್ಯಾನಗಳಿರಬೇಕು ಎಂಬುದು ಅದರ ತತ್ತ್ವ. ಫೈವ್ ಗಾರ್ಡನ್ಸ್ ಎಂದು ನೀವು ಆಡಲು ಹೋಗುವ ಐದು ಉದ್ಯಾನಗಳೂ, ಮೊದಲು ಕಿಂಗ್ಸ್ ಸರ್ಕಲ್ ಎನಿಸಿಕೊಂಡು ಈಗ ಮಹೇಶ್ವರಿ ಉದ್ಯಾನವೆಂಬ ಹೆಸರು ಪಡೆದಿರುವ ವರ್ತುಲಾಕಾರದ ತೋಟವೂ ಈ ಯೋಜನೆಯ ನಾಡಿನಲ್ಲಿಯೇ ಇವೆ.

ಅಂದಿನ ನಕ್ಷೆಗಾರರ ಮನಸ್ಸಿನಲ್ಲಿ ಇದ್ದುದು ನಡೆದಾಡುವ ಜನ. ಮಾಟುಂಗ ನಿಲ್ದಾಣದಿಂದ ಹೊರಬಿದ್ದು ಭಾಂಡಾರ್ಕರ್ ರಸ್ತೆಯ ಮರಗಳ ನೆರಳಿನಲ್ಲಿ ಹೊರಟವನು ಹೂವಿನಂಗಡಿ, ಗುಡಿ, ಉಡುಪಿ ಹೋಟೆಲು, ಮಾರುಕಟ್ಟೆ ಎಲ್ಲವನ್ನೂ ಕಾಲುನಡಿಗೆಯಲ್ಲೇ ಮುಟ್ಟಬಹುದು. ದಕ್ಷಿಣದಿಂದ ಬಂದ ನಮ್ಮ ಹಿರಿಯರು ಈ ಭಾಗವನ್ನು ಮೆಚ್ಚಿ ನೆಲಸಿದುದಕ್ಕೆ ಇದೂ ಒಂದು ಕಾರಣವಿರಬೇಕು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಗೆ ಹೋಗಿ ಓದಿದ ಎಷ್ಟೋ ಕನ್ನಡ ಹುಡುಗರಿಗೆ ಈ ನಗರದಲ್ಲಿ ಇದ್ದ ವಾಹನ ಅವರ ಎರಡು ಕಾಲುಗಳು ಮಾತ್ರ.

ಬೀದಿಗಳ ಅಗಲ ಅಂದಿನದೇ. ಆದರೆ ಮೋಟಾರುಗಳ ಸಂಖ್ಯೆ ಬೆಳೆಯಿತು. ನಿಲ್ಲಲು ಅವಕ್ಕೆ ಸ್ಥಳ ಬೇಕಾಯಿತು, ಓಡಲು ಇನ್ನಷ್ಟು ಸ್ಥಳ ಬೇಕಾಯಿತು. ಆ ಸ್ಥಳವನ್ನು ಎಲ್ಲಿಂದ ತೆಗೆದುಕೊಂಡರೆಂಬುದನ್ನು ತಿಳಿಯಲು ಶಾಲೆಯಿಂದ ಮನೆಗೆ ಹೋಗುವಾಗ ಫುಟ್‌ಪಾತನ್ನು ಒಮ್ಮೆ ಗಮನವಿಟ್ಟು ನೋಡಿದರೆ ಸಾಕು.

ಮೇಲ್ಸೇತುವೆಯ ಕೆಳಗೊಂದು ನದಿ

ಡಾ. ಬಾಬಾಸಾಹೇಬ ಅಂಬೇಡ್ಕರ್ ರಸ್ತೆಯು ಮಾಟುಂಗದ ನಡುವೆ ಹಾದುಹೋಗುತ್ತದೆ. ಅದರ ಮೇಲೆ ಒಂದು ಮೇಲ್ಸೇತುವೆಯನ್ನು ಕಟ್ಟಿದಾಗ ಅದರ ಅಡಿಯಲ್ಲಿ ಉದ್ದನೆಯ ಒಂದು ಪಟ್ಟಿಯಷ್ಟು ನೆಲ ಉಳಿಯಿತು. ಯಾರದೂ ಅಲ್ಲದ ನೆಲಕ್ಕೆ ಏನಾಗುತ್ತದೋ ಅದೇ ಅದಕ್ಕೂ ಆಯಿತು. ಮೊದಲು ವಾಹನಗಳು ನಿಂತವು. ಆಮೇಲೆ ಕಸ ಬಿದ್ದಿತು. ಸಂಜೆಯಾದರೆ ಆ ಕಡೆ ಸುಳಿಯಲು ಜನರು ಅಂಜುವಂತಾಯಿತು.

ಮಾಟುಂಗದ ನಿವಾಸಿಗಳು ಇದನ್ನು ನೋಡಿಕೊಂಡು ಸುಮ್ಮನಿರಲಿಲ್ಲ. ‘ಒನ್ ಮಾಟುಂಗ’ ಎಂಬ ಹೆಸರಿನಲ್ಲಿ ಒಂದುಗೂಡಿ, ಈ ನೆಲದಲ್ಲಿ ವಾಹನ ನಿಲ್ಲಿಸುವುದು ಬೇಡ, ನಡೆಯಲು ಒಂದು ಉದ್ಯಾನ ಬೇಕು ಎಂದು ಮಹಾನಗರಪಾಲಿಕೆಯನ್ನು ಕೇಳಿದರು. ಒಂದು ಸಲ ಕೇಳಿ ಬಿಡಲಿಲ್ಲ, ವರ್ಷಗಟ್ಟಲೆ ಕೇಳಿದರು. ಕಡೆಗೆ ಪಾಲಿಕೆಯೇ ಆ ಉದ್ಯಾನವನ್ನು ನಿರ್ಮಿಸಿತು. 2016ರಲ್ಲಿ ಅದು ಜನರಿಗೆ ತೆರೆಯಿತು. ನಾನಾಲಾಲ್ ಡಿ. ಮೆಹ್ತಾ ಉದ್ಯಾನವೆಂಬುದು ಅದರ ಹೆಸರು. ಸುಮಾರು 600 ಮೀಟರು ಉದ್ದದ ನಡಿಗೆಯ ದಾರಿಯನ್ನು ನರ್ಮದಾ ನದಿಯ ಹರಿವಿನಂತೆ ಬಳಕುವ ಹಾಗೆ ರಚಿಸಿದ್ದಾರೆ. ತಲೆಯ ಮೇಲೆ ಸೇತುವೆಯೇ ಸೂರಾಗಿರುವುದರಿಂದ ಬಿಸಿಲಿನಲ್ಲಿಯೂ ನೆರಳಿದೆ. ಬೆಳಗ್ಗೆ ಮುದುಕರೂ ಸಂಜೆ ಮಕ್ಕಳೂ ಅಲ್ಲಿ ನಡೆಯುತ್ತಾರೆ.

ಈ ಕಥೆಯಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಕಾಂಕ್ರೀಟಿನ ಕಂಬಗಳ ನಡುವೆ ಸಹ ನಡೆಯುವವರಿಗೆ ಜಾಗ ಹುಟ್ಟಿಸಬಹುದು. ಕೇಳುವ ಜನರು ಬೇಕು. ಎರಡನೆಯದು ಸ್ವಲ್ಪ ಕಹಿಯಾದುದು. ಈ ಉದ್ಯಾನವು ರಸ್ತೆಯ ನಟ್ಟನಡುವೆ ಇದೆ. ಅಲ್ಲಿ ನಿಶ್ಚಿಂತೆಯಿಂದ ನಡೆಯಬೇಕಾದರೆ, ಮೊದಲು ಇತ್ತಲಿನ ವಾಹನಗಳ ಪ್ರವಾಹವನ್ನು ದಾಟಿ ಹೋಗಬೇಕು. ಆದುದರಿಂದ ದಾರಿಯೊಂದನ್ನು ಕಟ್ಟಿದಾಕ್ಷಣ ಕೆಲಸ ಮುಗಿಯಲಿಲ್ಲ. ದಾರಿಗೆ ಹೋಗುವ ದಾರಿಯೂ ಸುರಕ್ಷಿತವಾಗಬೇಕು.

ಒಂದು ಲೆಕ್ಕ

ವಾಹನದ ವೇಗವು ಸ್ವಲ್ಪ ಹೆಚ್ಚಿದರೆ ಅಪಾಯವೂ ಸ್ವಲ್ಪವೇ ಹೆಚ್ಚುತ್ತದೆಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು. ಎತ್ತರದ ತರಗತಿಯ ವಿದ್ಯಾರ್ಥಿಗಳು ಈ ಲೆಕ್ಕವನ್ನು ಸ್ವತಃ ಮಾಡಿ ನೋಡಬೇಕು.

ಚಾಲಕನು ಮಗುವನ್ನು ಕಂಡು ಬ್ರೇಕನ್ನು ಒತ್ತುವಷ್ಟರಲ್ಲಿ 1 ಸೆಕೆಂಡು ಕಳೆಯುತ್ತದೆಂದು ಇಟ್ಟುಕೊಳ್ಳೋಣ. ಗಂಟೆಗೆ 30 ಕಿಲೋಮೀಟರು ವೇಗದ ವಾಹನ ಆ ಒಂದು ಸೆಕೆಂಡಿನಲ್ಲಿ 8.3 ಮೀಟರು ಮುಂದೆ ಬಂದಿರುತ್ತದೆ. 50 ಕಿಲೋಮೀಟರು ವೇಗದ್ದು 13.9 ಮೀಟರು ಬಂದಿರುತ್ತದೆ. ಇನ್ನು ಬ್ರೇಕು ಒತ್ತಿದ ಮೇಲೆ ಓಡುವ ದೂರ. ಇದು ವೇಗದ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ವೇಗದ ವರ್ಗದ ಪ್ರಮಾಣದಲ್ಲಿ ಹೆಚ್ಚುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು ವಾಹನದ ವೇಗವನ್ನು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 7 ಮೀಟರಿನಂತೆ ತಗ್ಗಿಸುತ್ತದೆಂದು ಹಿಡಿದರೆ, ಸೆಕೆಂಡಿಗೆ ಇಷ್ಟು ಮೀಟರು ಎಂಬ ವೇಗವನ್ನು ವರ್ಗಮಾಡಿ 14ರಿಂದ ಭಾಗಿಸಬೇಕು. 30ರ ವೇಗಕ್ಕೆ ಸುಮಾರು 5 ಮೀಟರು, 50ರ ವೇಗಕ್ಕೆ ಸುಮಾರು 14 ಮೀಟರು ಬರುತ್ತದೆ. ಒಟ್ಟು ದೂರವು ಮೊದಲನೆಯದಕ್ಕೆ 13 ಮೀಟರು, ಎರಡನೆಯದಕ್ಕೆ 28 ಮೀಟರು.

ಈಗ 15 ಮೀಟರು ಮುಂದೆ ಒಂದು ಮಗು ರಸ್ತೆಗೆ ಇಳಿಯಿತೆಂದು ಭಾವಿಸಿ. 30ರ ವೇಗದ ವಾಹನ ಮಗುವಿನ ಮುಂದೆ ಬಂದು ನಿಲ್ಲುತ್ತದೆ. ಮಗು ಹೆದರುತ್ತದೆ, ಮನೆಗೆ ಹೋಗುತ್ತದೆ. 50ರ ವೇಗದ ವಾಹನಕ್ಕೆ ಆ ಸ್ಥಳದಲ್ಲಿ ಬ್ರೇಕು ಹಿಡಿಯಲು ಆಗತಾನೇ ಪ್ರಾರಂಭವಾಗಿರುತ್ತದೆ. ಅದು ಇನ್ನೂ 48ರ ವೇಗದಲ್ಲಿ ಬಂದು ಬಡಿಯುತ್ತದೆ. ಮಳೆಯಲ್ಲಿ ರಸ್ತೆ ಜಾರುವಾಗ ಈ ದೂರಗಳು ಇನ್ನೂ ಬೆಳೆಯುತ್ತವೆ. ಶಾಲೆಗಳ ಬಳಿಯಲ್ಲಿ ವೇಗದ ಮಿತಿ ಬೇಕು, ರಸ್ತೆಯುಬ್ಬು ಬೇಕು ಎಂದು ಕೇಳುವವರು ಅಂಜುಬುರುಕರಲ್ಲ, ಲೆಕ್ಕ ಬಲ್ಲವರು.

ಇನ್ನೊಂದು ಸಣ್ಣ ಲೆಕ್ಕ. ಸಾಮಾನ್ಯವಾಗಿ ಒಬ್ಬ ಮನುಷ್ಯ ಸೆಕೆಂಡಿಗೆ 1.2 ಮೀಟರು ನಡೆಯುತ್ತಾನೆಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. 18 ಮೀಟರು ಅಗಲದ ರಸ್ತೆಯನ್ನು ದಾಟಲು ಅವನಿಗೆ 15 ಸೆಕೆಂಡು ಬೇಕು. ಮೊಣಕಾಲು ನೋವಿರುವ ನಿಮ್ಮ ಅಜ್ಜಿ ಸೆಕೆಂಡಿಗೆ 0.9 ಮೀಟರು ನಡೆದರೆ ಆಕೆಗೆ 20 ಸೆಕೆಂಡು ಬೇಕು. ಹಸಿರು ದೀಪ 15 ಸೆಕೆಂಡಿಗೆ ಆರಿಹೋದರೆ ಅಜ್ಜಿ ಎಲ್ಲಿ ನಿಂತಿರುತ್ತಾಳೆ? ರಸ್ತೆಯ ನಡುವೆ ನಿಂತುಕೊಳ್ಳಲು ಎತ್ತರದ ಒಂದು ಕಟ್ಟೆಯಿದ್ದರೆ ಅವಳು ಎರಡು ಸಲದಲ್ಲಿ ದಾಟಬಹುದು. ಇಂಥ ಕಟ್ಟೆಯನ್ನು ಕಟ್ಟುವುದಕ್ಕೆ ಆಗುವ ಖರ್ಚು ಮೇಲ್ಸೇತುವೆಯ ಖರ್ಚಿನ ಮುಂದೆ ಏನೂ ಅಲ್ಲ.

ಫುಟ್‌ಪಾತಿನ ಅಳತೆ ಮತ್ತು ಹಕ್ಕು

ಫುಟ್‌ಪಾತ್ ಹೇಗಿರಬೇಕೆಂಬುದಕ್ಕೆ ನಮ್ಮ ದೇಶದಲ್ಲಿ ನಿಯಮಗಳಿಲ್ಲವೆಂದು ತಿಳಿಯಬೇಡಿ. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಎಂಜಿನಿಯರುಗಳ ಸಂಸ್ಥೆ 2012ರಲ್ಲಿ ಪಾದಚಾರಿಗಳ ಸೌಕರ್ಯಕ್ಕಾಗಿ ಮಾರ್ಗದರ್ಶನದ ಪುಸ್ತಕವನ್ನು ಪರಿಷ್ಕರಿಸಿ ಹೊರತಂದಿದೆ. ನಡೆಯಲು ಅಡ್ಡಿಯಿಲ್ಲದ ಜಾಗ ಕಡಿಮೆಯೆಂದರೆ 1.8 ಮೀಟರು ಅಗಲವಿರಬೇಕು, ಅಂಗಡಿಬೀದಿಗಳಲ್ಲಿ ಇನ್ನೂ ಹೆಚ್ಚಿರಬೇಕು, ಫುಟ್‌ಪಾತಿನ ಎತ್ತರ 15 ಸೆಂಟಿಮೀಟರನ್ನು ಮೀರಬಾರದು ಎಂದು ಅದರಲ್ಲಿ ಹೇಳಿದೆ. 1.8 ಮೀಟರೇ ಏಕೆ? ಗಾಲಿಕುರ್ಚಿಯೆರಡು ಎದುರುಬದುರಾಗಿ ಬಂದರೂ ಒಂದನ್ನೊಂದು ದಾಟಿ ಹೋಗುವಷ್ಟು ಅಗಲ ಅದು. 15 ಸೆಂಟಿಮೀಟರೇ ಏಕೆ? ಅದಕ್ಕಿಂತ ಎತ್ತರವಾದರೆ ಮುದುಕರು ಹತ್ತಲಾರದೆ ರಸ್ತೆಯಲ್ಲಿಯೇ ನಡೆಯುತ್ತಾರೆ.

2025ರ ಮೇ 14ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ಮತ್ತೂ ಮುಂದಕ್ಕೆ ಹೋಯಿತು. ಅಡ್ಡಿಯಿಲ್ಲದ ಫುಟ್‌ಪಾತನ್ನು ಬಳಸುವ ಹಕ್ಕು ಸಂವಿಧಾನದ 21ನೆಯ ವಿಧಿಯು ಕೊಡುವ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆ, ಅಂಗವಿಕಲರೂ ಅದನ್ನು ಬಳಸುವಂತಿರಬೇಕು ಎಂದು ಅದು ಸಾರಿತು. ಪೌರನೀತಿಯ ಪುಸ್ತಕದಲ್ಲಿ ನೀವು ಬಾಯಿಪಾಠ ಮಾಡುವ ವಿಧಿಯು ನಿಮ್ಮ ಕಾಲ ಕೆಳಗಿನ ಕಲ್ಲಿನವರೆಗೂ ಇಳಿದು ಬಂದಿದೆಯೆಂಬುದನ್ನು ಮನಗಾಣಿರಿ.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತು. ಫುಟ್‌ಪಾತನ್ನು ತೆರವು ಮಾಡಬೇಕೆಂದೊಡನೆ ಎಲ್ಲರ ಬೆರಳೂ ಬೀದಿಯಲ್ಲಿ ಕುಳಿತು ಮಾರುವ ಬಡವರ ಕಡೆಗೆ ತಿರುಗುತ್ತದೆ. ನಿಮ್ಮಲ್ಲಿ ಕೆಲವರ ತಾಯಿಯೋ ಚಿಕ್ಕಪ್ಪನೋ ಹೂವನ್ನೋ ಸೊಪ್ಪನ್ನೋ ಮಾರುತ್ತಿರಬಹುದು. ಮುಂಬಯಿಯ ಫುಟ್‌ಪಾತಿನ ನಿವಾಸಿಗಳ ಮೊಕದ್ದಮೆಯಲ್ಲಿ ಇದೇ ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ, ಜೀವನೋಪಾಯದ ಹಕ್ಕು ಸಹ 21ನೆಯ ವಿಧಿಯಲ್ಲಿ ಸೇರಿದೆಯೆಂದು ಹೇಳಿತ್ತು. 2014ರಲ್ಲಿ ಬೀದಿ ವ್ಯಾಪಾರಿಗಳಿಗಾಗಿಯೇ ಒಂದು ಕಾಯಿದೆಯೂ ಆಯಿತು. ಅವರಿಗೆ ಗೊತ್ತಾದ ಸ್ಥಳವನ್ನು ಗುರುತುಮಾಡಿ ಕೊಡುವುದು ಆಡಳಿತದ ಕೆಲಸ. ನಡೆಯುವ ಬಡವನಿಗೂ ಮಾರುವ ಬಡವನಿಗೂ ಜಗಳ ಹಚ್ಚಿ, ಅರ್ಧ ಫುಟ್‌ಪಾತನ್ನು ಮೆಟ್ಟಿ ನಿಂತಿರುವ ಮೋಟಾರನ್ನು ಮಾತ್ರ ಕಾಣದಂತೆ ಹೋಗುವುದು ನ್ಯಾಯವಲ್ಲ. ನ್ಯಾಯವಾಗಿ ಅಳೆಯಬೇಕಾದರೆ ಎರಡನ್ನೂ ಅಳೆಯಬೇಕು.

ಸೇತುವೆಗಳು

ಮಾಟುಂಗದ ಪೂರ್ವದಲ್ಲಿ, ಭಾವುದಾಜಿ ರಸ್ತೆಯಲ್ಲಿ, 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ ಇದೆ. ಪಶ್ಚಿಮದಲ್ಲಿ, 1933ರಲ್ಲಿ ಸ್ಥಾಪಿತವಾದ ಕರ್ನಾಟಕ ಸಂಘವೂ ಅದರ ಡಾ. ವಿಶ್ವೇಶ್ವರಯ್ಯ ಸ್ಮಾರಕ ಮಂದಿರವೂ ಇವೆ. ಎರಡೂ ಕನ್ನಡದ ಮನೆಗಳೇ. ನಡುವೆ ಮಧ್ಯ ರೈಲ್ವೆ, ಪಶ್ಚಿಮ ರೈಲ್ವೆ ಎಂಬ ಎರಡು ಹೊಳೆಗಳು. ಅವುಗಳ ಮೇಲೆ ಇಂಗ್ಲಿಷಿನ ಕೊನೆಯ ಅಕ್ಷರದಂತೆ ಮುರಿಮುರಿದು ಸಾಗುವ ಪಾದಚಾರಿ ಸೇತುವೆಯನ್ನು ಜನರು ಝಡ್ ಬ್ರಿಡ್ಜ್ ಎಂದೇ ಕರೆಯುತ್ತಾರೆ. ಇಂಥ ಸೇತುವೆ ಇಲ್ಲದಿದ್ದರೆ ಜನರು ಹಳಿ ದಾಟುತ್ತಾರೆ. ಹಳಿ ದಾಟಿದವರೆಲ್ಲರೂ ಆಚೆಯ ದಡ ಸೇರುವುದಿಲ್ಲ.

ಸೇತುವೆಯಿದ್ದರೂ ಅದು ಸಾಕಷ್ಟು ಅಗಲವಿಲ್ಲದಿದ್ದರೆ ಏನಾಗುತ್ತದೆಂಬುದನ್ನು 2017ರ ಸೆಪ್ಟೆಂಬರ್ 29ರಂದು ಈ ನಗರವು ಕಂಡಿತು. ಆಗ ಎಲ್ಫಿನ್‌ಸ್ಟನ್ ರೋಡ್ ಎನಿಸಿದ್ದ, ಈಗ ಪ್ರಭಾದೇವಿ ಎನ್ನುವ ನಿಲ್ದಾಣದ ಇಕ್ಕಟ್ಟಾದ ಸೇತುವೆಯಲ್ಲಿ ಮಳೆಗೆ ಜನ ತುಂಬಿ ನೂಕುನುಗ್ಗಲಾಗಿ 23 ಮಂದಿ ಪ್ರಾಣಬಿಟ್ಟರು. ಆ ಸೇತುವೆ ಸಾಲದೆಂದು ಅದಕ್ಕೆ ಮೊದಲೇ ಪತ್ರಗಳು ಹೋಗಿದ್ದವು. ದುರಂತವಾದ ಮೇಲೆ ಸೈನ್ಯದ ಎಂಜಿನಿಯರುಗಳು ಬಂದು ಕೆಲವೇ ತಿಂಗಳಲ್ಲಿ, 2018ರ ಫೆಬ್ರವರಿಯೊಳಗೆ, ಹೊಸ ಸೇತುವೆಯನ್ನು ಕಟ್ಟಿ ಮುಗಿಸಿದರು. ಕಟ್ಟಲು ಆಗದ ಕೆಲಸವಾಗಿರಲಿಲ್ಲವೆಂದು ಇದರಿಂದ ತಿಳಿಯುತ್ತದೆ.

ಇದು ಪಟ್ಟಣದ ಕಷ್ಟ ಮಾತ್ರವೆಂದು ಭಾವಿಸಬೇಡಿ. ರಜೆಯಲ್ಲಿ ಕರಾವಳಿಗೂ ಮಲೆನಾಡಿಗೂ ಹೋಗುವವರು ಕಾಲುಸಂಕವನ್ನು ಕಂಡಿರುತ್ತೀರಿ. ನಾನು ಬೆಳೆದ ಹಳ್ಳಿಯಲ್ಲಿಯೂ ಮಳೆಗಾಲದ ಶಾಲೆಯ ದಾರಿ ಅಡಕೆ ಮರದ ಕಾಂಡಗಳನ್ನು ಜೋಡಿಸಿದ ಒಂದು ಸಂಕದ ಮೇಲೆಯೇ ಸಾಗುತ್ತಿತ್ತು. 2022ರ ಆಗಸ್ಟ್ ತಿಂಗಳಲ್ಲಿ ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಎಳೆಯ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರಿನ ಪಾಲಾದಳು. ಮುಂಬಯಿಯಲ್ಲಿ ಅಳಿಸಿಹೋದ ಜೀಬ್ರಾ ಪಟ್ಟೆಯೂ ಅಲ್ಲಿಯ ಅಲುಗಾಡುವ ಸಂಕವೂ ಒಡಹುಟ್ಟಿದವು. ಎರಡರ ಮೇಲೂ ಪುಸ್ತಕದ ಚೀಲ ಹೊತ್ತ ಮಕ್ಕಳೇ ಹಾಯುತ್ತಾರೆ.

ಹಾಗೆಂದು ನಿರಾಶರಾಗಬೇಕಾಗಿಲ್ಲ. ದಕ್ಷಿಣ ಕನ್ನಡದ ಸುಳ್ಯದ ಎಂಜಿನಿಯರು ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆಯೊಂದನ್ನು ಕಟ್ಟಿದರು. ಊರವರು ಬಂದು ಕೇಳಿಕೊಂಡರು, ಊರವರೇ ಕೈಗೂಡಿಸಿದರು. ಅಲ್ಲಿಂದ ಮುಂದೆ ಅವರು ಕರ್ನಾಟಕದಲ್ಲಿಯೂ ಹೊರ ರಾಜ್ಯಗಳಲ್ಲಿಯೂ ನೂರಕ್ಕೆ ಮಿಕ್ಕಿ ಇಂಥ ಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ನೀಡಿತು. ಲಾರಿ ಹೋಗದ, ಬಸ್ಸು ಹೋಗದ, ನಡೆಯುವವರಿಗಾಗಿಯೇ ಇರುವ ಸೇತುವೆಗಳಿಗೆ ಸಂದ ಗೌರವ ಅದು.

ಆದರೆ ಬೀದಿಯಲ್ಲಿ ನಡೆಯುವವರನ್ನೆಲ್ಲ ಸೇತುವೆಗೆ ಹತ್ತಿಸುವುದೂ ಸರಿಯಲ್ಲ. 2008ರಲ್ಲಿ ಬಾಂದ್ರಾ ಪೂರ್ವದಲ್ಲಿ ಮೊದಲ ಸ್ಕೈವಾಕ್ ತೆರೆದ ಮೇಲೆ ನಗರದ ಹಲವೆಡೆ ಅಂಥವನ್ನು ಕಟ್ಟಿದರು. ಮೆಟ್ಟಿಲು ಹತ್ತಲಾರದೆ ಅನೇಕರು ಕೆಳಗೇ ಉಳಿದರು. ಬಾಂದ್ರಾದ ಆ ಮೊದಲ ಸ್ಕೈವಾಕನ್ನೇ 2019ರಲ್ಲಿ ಶಿಥಿಲವಾಯಿತೆಂದು ಮುಚ್ಚಬೇಕಾಯಿತು. ಹೊಳೆಗೆ ಸಂಕ ಬೇಕು, ಹಳಿಗೆ ಸೇತುವೆ ಬೇಕು. ಬೀದಿಗೆ ಬೇಕಾದುದು ಒಳ್ಳೆಯ ಫುಟ್‌ಪಾತು, ಕಾಣುವ ಪಟ್ಟೆ, ನಿಲ್ಲುವ ವಾಹನ.

ಸೈಕಲ್ಲಿನ ಮಾತು

ಸೈಕಲ್ ಎಂದರೆ ಆಟದ ವಸ್ತುವೆಂದು ಕೆಲವರ ಎಣಿಕೆ. ಬೆಳಗಿನ ಜಾವ ಮಾಟುಂಗದಲ್ಲಿ ಯಾರು ಸೈಕಲ್ ತುಳಿಯುತ್ತಾರೆಂದು ನೋಡಿ. ಹಾಲಿನವನು, ಪತ್ರಿಕೆಯವನು, ಪಾವ್ ಮಾರುವವನು, ಧಾರಾವಿಯಿಂದ ಇಡ್ಲಿಯ ಪಾತ್ರೆ ಕಟ್ಟಿಕೊಂಡು ಹೊರಡುವವನು. ಹೊತ್ತೇರಿದ ಮೇಲೆ ಡಬ್ಬಾವಾಲಾ. ನಗರದ ಹೊಟ್ಟೆ ತುಂಬುವುದು ಈ ಎರಡು ಗಾಲಿಗಳ ಮೇಲೆ. ಆದರೂ ಹೊಸ ದೊಡ್ಡ ರಸ್ತೆಗಳಾದ ಬಾಂದ್ರಾ ವರ್ಲಿ ಸಮುದ್ರ ಸೇತುವೆಯಲ್ಲಾಗಲಿ, 2024ರಲ್ಲಿ ತೆರೆದ ಅಟಲ್ ಸೇತುವಿನಲ್ಲಾಗಲಿ ಸೈಕಲ್ಲಿಗೂ ಪಾದಚಾರಿಗೂ ಪ್ರವೇಶವಿಲ್ಲ.

ಪ್ರಯತ್ನಗಳು ನಡೆಯದೆ ಇಲ್ಲ. 2011ರಲ್ಲಿ ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿ ಸುಮಾರು 13 ಕಿಲೋಮೀಟರು ಸೈಕಲ್ ಪಥವನ್ನು ಮಾಡಿದರು. ಅದರ ಮೇಲೆ ಮೋಟಾರುಗಳು ನಿಂತವು, ಸ್ಕೂಟರುಗಳು ಓಡಿದವು, ಸೈಕಲ್ಲುಗಳು ಕಾಣಲಿಲ್ಲ. 2020ರಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಕಂಬಗಳನ್ನು ನೆಟ್ಟು ಮಾಡಿದ ಪಥದ ಗತಿಯೂ ಇದಕ್ಕಿಂತ ಬಹಳ ಭಿನ್ನವಾಗಲಿಲ್ಲ. ತಾನ್ಸಾ ನೀರಿನ ಕೊಳವೆಗಳ ಪಕ್ಕದಲ್ಲಿ ಮುಲುಂಡಿನಿಂದ ನಮ್ಮ ಸಾಯನ್‌ವರೆಗೆ 39 ಕಿಲೋಮೀಟರು ಪಥದ ಯೋಜನೆಯನ್ನು ಮುಂಬಯಿ ಪಾಲಿಕೆಯು ಹಾಕಿಕೊಂಡಿತು. ಆ ಕೊಳವೆಗಳ ಬದಿಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕುಟುಂಬಗಳನ್ನು ಎಬ್ಬಿಸಿ ದೂರದ ಮಾಹುಲ್‌ಗೆ ಕಳುಹಿಸಿದಾಗ, ಅಲ್ಲಿಯ ಕೆಟ್ಟ ಗಾಳಿಯಲ್ಲಿ ಬಾಳಲಾರೆವೆಂದು ಅವರು ನ್ಯಾಯಾಲಯದ ಬಾಗಿಲು ತಟ್ಟಬೇಕಾಯಿತು. ಒಬ್ಬರಿಗೆ ದಾರಿ ಮಾಡುವಾಗ ಇನ್ನೊಬ್ಬರ ಮನೆಯ ಮಾತನ್ನು ಮರೆಯಬಾರದು.

ಮೈಸೂರಿನಲ್ಲಿ ಮಾತ್ರ ಸ್ವಲ್ಪ ಬೇರೆಯ ಬಗೆ. 2017ರ ಜೂನ್ ತಿಂಗಳಲ್ಲಿ ಅಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ ಪ್ರಾರಂಭವಾಯಿತು. ಸುಮಾರು 450 ಸೈಕಲ್ಲುಗಳು. ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡಬಹುದಾಗಿತ್ತು. ಬೀದಿ ಶಾಂತವಾಗಿರುವಲ್ಲಿ ಸೈಕಲ್ ಬದುಕುತ್ತದೆ. ನೆಲದ ಮೇಲೆ ಬಣ್ಣ ಬಳಿದ ಮಾತ್ರಕ್ಕೆ ಪಥವಾಗುವುದಿಲ್ಲ. ಅದನ್ನು ಕಾಯುವ ಕಾನೂನೂ ಬಳಸುವ ಜನರೂ ಬೇಕು.

ಮಕ್ಕಳು ಕೇಳಿದ ಕಥೆ

ಸೈಕಲ್ಲುಗಳ ನಾಡೆಂದು ಹೆಸರಾದ ನೆದರ್ಲೆಂಡ್ಸ್ ದೇಶವು ಮೊದಲಿನಿಂದಲೂ ಹೀಗೆಯೇ ಇತ್ತೆಂದು ಎಲ್ಲರೂ ತಿಳಿದಿದ್ದಾರೆ. ನಿಜ ಸಂಗತಿ ಹಾಗಿಲ್ಲ. ಎರಡನೆಯ ಮಹಾಯುದ್ಧವಾದ ಮೇಲೆ ಅಲ್ಲಿಯೂ ಮೋಟಾರುಗಳು ಬೀದಿಯನ್ನು ತುಂಬಿದವು. 1971ರ ಒಂದೇ ವರ್ಷದಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕಿಂತ ಹೆಚ್ಚು ಮಕ್ಕಳು. ಮಗುವನ್ನು ಕಳೆದುಕೊಂಡ ಪತ್ರಕರ್ತನೊಬ್ಬ ‘ಮಕ್ಕಳ ಕೊಲೆಯನ್ನು ನಿಲ್ಲಿಸಿ’ ಎಂದು ಬರೆದನು. ಅದೇ ಹೆಸರಿನಲ್ಲಿ ತಾಯಂದಿರೂ ತಂದೆಯರೂ ಬೀದಿಗಿಳಿದರು. ಆಮ್‌ಸ್ಟರ್‌ಡಾಮಿನ ದ ಪೈಪ್ ಎಂಬ ಕೂಲಿಕಾರರ ಕೇರಿಯಲ್ಲಿ ಮಕ್ಕಳೇ ಮನೆಮನೆಗೆ ಹೋಗಿ, ತಮ್ಮ ಬೀದಿಯಲ್ಲಿ ಆಡಲು ಜಾಗ ಕೊಡಿ ಎಂದು ಹಿರಿಯರನ್ನು ಕೇಳಿದರು. ಕೆಲವರು ಬೈದರು, ಕೆಲವರು ಒಪ್ಪಿದರು. 1973ರಲ್ಲಿ ಎಣ್ಣೆಯ ಅಭಾವ ಉಂಟಾದಾಗ ಸರಕಾರವೂ ಕಣ್ಣುತೆರೆಯಿತು. ಮುಂದಿನ ವರ್ಷಗಳಲ್ಲಿ ಬೀದಿಗಳ ನಕ್ಷೆಯೇ ಬದಲಾಯಿತು. ಇಂದು ನಾವು ಚಿತ್ರಗಳಲ್ಲಿ ನೋಡಿ ಮೆಚ್ಚುವ ಆ ಬೀದಿಗಳು ಕೇಳಿ ಪಡೆದವು.

ಅರ್ಜಿ ಬರೆಯುವ ಕ್ರಮ

ಕೇಳುವುದಕ್ಕೂ ಒಂದು ಕ್ರಮವುಂಟು. ‘ರಸ್ತೆ ಬಹಳ ಕೆಟ್ಟಿದೆ, ದಯವಿಟ್ಟು ಸರಿಪಡಿಸಿ’ ಎಂದು ಬರೆದ ಅರ್ಜಿಯನ್ನು ಓದಿದ ಅಧಿಕಾರಿಗೆ ಎಲ್ಲಿ ಹೋಗಿ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಆದುದರಿಂದ ಮೊದಲು ಅಳೆಯಬೇಕು, ಆಮೇಲೆ ಬರೆಯಬೇಕು. ಯಾವ ರಸ್ತೆ, ಯಾವ ಕಟ್ಟಡದ ಎದುರು, ಫುಟ್‌ಪಾತಿನ ಅಗಲ ಎಷ್ಟು, ಅದರಲ್ಲಿ ನಡೆಯಲು ಉಳಿದಿರುವುದು ಎಷ್ಟು, ಹಸಿರು ದೀಪ ಎಷ್ಟು ಸೆಕೆಂಡು ಉರಿಯುತ್ತದೆ, ಶಾಲೆ ಬಿಡುವ ಹೊತ್ತಿನಲ್ಲಿ ಅರ್ಧ ಗಂಟೆಗೆ ಎಷ್ಟು ಮಕ್ಕಳು ದಾಟುತ್ತಾರೆ, ನಿಮ್ಮ ಬೇಡಿಕೆ ಯಾವುದು ಎಂಬುದು ಒಂದು ಪುಟದೊಳಗೆ ಇರಬೇಕು.

ಅರ್ಜಿಯು ತಲುಪಬೇಕಾದ ಸ್ಥಳವೂ ಗೊತ್ತಿರಬೇಕು. ಮಾಟುಂಗದ ಪೂರ್ವಭಾಗವು ಮಹಾನಗರಪಾಲಿಕೆಯ ಎಫ್ ಉತ್ತರ ವಿಭಾಗಕ್ಕೆ ಸೇರಿದುದು. ಅದರ ಕಚೇರಿ ಭಾವುದಾಜಿ ರಸ್ತೆಯಲ್ಲಿದೆ. ಹಳಿಗಳ ಪಶ್ಚಿಮಕ್ಕಿರುವ ಭಾಗ ಜಿ ಉತ್ತರ ವಿಭಾಗದ್ದು. ಫುಟ್‌ಪಾತು, ಮ್ಯಾನ್‌ಹೋಲಿನ ಮುಚ್ಚಳ, ದಾರಿಯ ದೀಪ ಇವು ಪಾಲಿಕೆಯ ಕಡೆಗೆ. ಸಂಚಾರದ ನಿಯಂತ್ರಣ ಮತ್ತು ತಪ್ಪಾಗಿ ನಿಲ್ಲಿಸಿದ ವಾಹನಗಳ ವಿಷಯ ಸಂಚಾರ ಪೋಲೀಸರ ಕಡೆಗೆ. ತುರ್ತಿನ ವಿಷಯವಾದರೆ, ಉದಾಹರಣೆಗೆ ಮಳೆಗಾಲದಲ್ಲಿ ಬಾಯಿ ತೆರೆದ ಮ್ಯಾನ್‌ಹೋಲನ್ನು ಕಂಡರೆ, ಹಿರಿಯರಿಂದ 1916 ಸಂಖ್ಯೆಗೆ ಕೂಡಲೇ ತಿಳಿಸಿರಿ. 2017ರ ಆಗಸ್ಟ್ 29ರ ಮಹಾಮಳೆಯಲ್ಲಿ ನೀರು ತುಂಬಿದ ಬೀದಿಯಲ್ಲಿ ನಡೆದುಹೋಗುತ್ತಿದ್ದ ಹಿರಿಯ ವೈದ್ಯರೊಬ್ಬರು ತೆರೆದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡುದನ್ನು ನಗರವು ಮರೆತಿಲ್ಲ.

ಅರ್ಜಿಯನ್ನು ಮರಾಠಿಯಲ್ಲಿ ಬರೆಯಿರಿ. ಪರೀಕ್ಷೆಗಾಗಿ ಮಾತ್ರ ಓದುತ್ತೇವೆಂದು ನೀವು ತಿಳಿದಿರುವ ಆ ಭಾಷೆಗೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ. ನಮ್ಮ ಅನ್ನದ ನಾಡಿನ ನುಡಿಯಲ್ಲಿ ನೆರೆಯವರೊಡನೆ ಸೇರಿ ಕೇಳಿದಾಗ ಧ್ವನಿಗೆ ಬಲ ಬರುತ್ತದೆ. ಒಂದು ಪ್ರತಿಯ ಮೇಲೆ ತಲುಪಿದ ಮುದ್ರೆಯನ್ನು ಹಾಕಿಸಿಕೊಂಡು ಬನ್ನಿ. ತಿಂಗಳಾದರೂ ಉತ್ತರ ಬಾರದಿದ್ದರೆ ಆ ಮುದ್ರೆಯ ದಿನಾಂಕವನ್ನು ಬರೆದು ನೆನಪಿನ ಪತ್ರ ಕಳುಹಿಸಿ. ಅದಕ್ಕೂ ಉತ್ತರವಿಲ್ಲದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಹಿರಿಯರು ಅರ್ಜಿಯ ಗತಿಯನ್ನು ವಿಚಾರಿಸಬಹುದು. ಸಿಟ್ಟಿನ ಮಾತು ಬೇಡ, ಬೇಸರವೂ ಬೇಡ. ಮೇಲ್ಸೇತುವೆಯ ಕೆಳಗಿನ ಉದ್ಯಾನವು ಒಂದು ಪತ್ರದಿಂದ ಹುಟ್ಟಲಿಲ್ಲವೆಂಬುದು ನೆನಪಿರಲಿ.

ಅಭ್ಯಾಸ

1. ಐವರು ಒಂದು ತಂಡವಾಗಿ, ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು, ನಿಮ್ಮ ಮನೆಯಿಂದ ಶಾಲೆಯವರೆಗಿನ ದಾರಿಯಲ್ಲಿ ಹತ್ತು ಸ್ಥಳಗಳಲ್ಲಿ ಫುಟ್‌ಪಾತಿನ ಅಗಲವನ್ನು ಅಳೆಯಿರಿ. 1.8 ಮೀಟರಿಗಿಂತ ಕಡಿಮೆಯಿರುವಲ್ಲಿ ಉಳಿದ ಜಾಗವನ್ನು ಯಾವುದು ಆಕ್ರಮಿಸಿದೆಯೆಂದು ಬರೆಯಿರಿ.

2. ಧಾರಾವಿಯ ತೊಂಬತ್ತು ಅಡಿ ರಸ್ತೆಯ ಅಗಲ ಮೀಟರಿನಲ್ಲಿ ಎಷ್ಟಾಗಬೇಕು? ಆ ಕಡೆ ವಾಸಿಸುವವರು, ಅದರಲ್ಲಿ ನಡೆಯುವವರಿಗೆ ಎಷ್ಟು ಉಳಿದಿದೆಯೆಂದು ಗಮನಿಸಿ ಬನ್ನಿ.

3. ಗಂಟೆಗೆ 40 ಕಿಲೋಮೀಟರು ವೇಗದ ವಾಹನ ನಿಲ್ಲಲು ಬೇಕಾಗುವ ಒಟ್ಟು ದೂರವನ್ನು ಮೇಲಿನ ರೀತಿಯಲ್ಲಿ ಲೆಕ್ಕಹಾಕಿರಿ.

4. ನಿಮ್ಮ ಅಜ್ಜ ಅಥವಾ ಅಜ್ಜಿ ಹತ್ತು ಮೀಟರು ನಡೆಯಲು ತೆಗೆದುಕೊಳ್ಳುವ ಸಮಯವನ್ನು ಗುರುತಿಸಿ. ಮನೆಯ ಹತ್ತಿರದ ಸಿಗ್ನಲಿನ ಹಸಿರು ದೀಪ ಅವರಿಗೆ ಸಾಲುತ್ತದೆಯೇ?

5. ಫುಟ್‌ಪಾತಿನಲ್ಲಿ ಮಾರುವವರೊಬ್ಬರನ್ನು ಮಾತನಾಡಿಸಿ, ನಡೆಯುವವರಿಗೂ ಅವರಿಗೂ ಒಪ್ಪುವ ಏರ್ಪಾಡು ಯಾವುದೆಂದು ಅವರ ಅಭಿಪ್ರಾಯವನ್ನು ಬರೆದು ತನ್ನಿರಿ.

6. ಇವೆಲ್ಲವನ್ನೂ ಸೇರಿಸಿ ವಿಭಾಗ ಕಚೇರಿಗೆ ಮರಾಠಿಯಲ್ಲಿ ಒಂದು ಪುಟದ ಅರ್ಜಿಯನ್ನು ಸಿದ್ಧಪಡಿಸಿರಿ. ಚೆನ್ನಾಗಿ ಬಂದುದನ್ನು ಎಲ್ಲರೂ ಸಹಿಮಾಡಿ, ಹಿರಿಯರೊಡನೆ ಹೋಗಿ ಕೊಟ್ಟು ಬರೋಣ.